ಪಚ್ಚಿಲೆ ಮರಿಗೂ ಹೊಟ್ಟೆಯಿದೆ

ಪಚ್ಚಿಲೆ ಕೃಷಿಗೆ ಮೇವಿನ ಖರ್ಚೇ ಇಲ್ಲ ಅಂತ ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ಅಳಿವೆಯಲ್ಲಿ ಹಗ್ಗಕ್ಕೆ ಕಟ್ಟಿದ ಪಚ್ಚಿಲೆ ನೀರನ್ನು ಸೋಸಿ, ಅದರಲ್ಲಿರುವ ಸೂಕ್ಷ್ಮ ಪಾಚಿ ತಿಂದು ತಾನೇ ಬೆಳೆಯುತ್ತದೆ. ಆದರೆ ಹಗ್ಗಕ್ಕೆ ಕಟ್ಟುವ ಮರಿ ಎಲ್ಲಿಂದ ಬರಬೇಕು?

ಕಾಸರಗೋಡಿನ ಪಡನ್ನ, ಚೆರುವತ್ತೂರಿನಲ್ಲಿ 1990ರ ದಶಕದ ಕೊನೆಯಿಂದ ಮಹಿಳೆಯರ ಸ್ವಸಹಾಯ ಗುಂಪುಗಳು ಈ ಕೃಷಿ ಮಾಡುತ್ತಿವೆ. ಸಮುದ್ರದ ಬಂಡೆಯಿಂದ ಮರಿ ಕಿತ್ತು ತಂದು, ಹತ್ತಿ ಬಟ್ಟೆಯಲ್ಲಿ ಹಗ್ಗಕ್ಕೆ ಸುತ್ತುತ್ತಾರೆ. ಬಟ್ಟೆ ಕೊಳೆಯುವಷ್ಟರಲ್ಲಿ ಮರಿ ಹಗ್ಗ ಹಿಡಿದಿರುತ್ತದೆ. ಐದಾರು ತಿಂಗಳಲ್ಲಿ, ಮಳೆಗಾಲಕ್ಕೆ ಮೊದಲೇ ಕೊಯ್ಲು. ಒಳ್ಳೆಯ ಕೆಲಸವೇ. ಆದರೆ ಬಂಡೆಯ ಮರಿಯನ್ನೆಲ್ಲ ಕೆರೆದು ತೆಗೆದರೆ, ಅದೇ ಬಂಡೆಯಲ್ಲಿ ಮುಳುಗಿ ಪಚ್ಚಿಲೆ ತೆಗೆದು ಬದುಕುವವರ ಗತಿ ಏನು?

ದಾರಿ ಇರುವುದು ಹ್ಯಾಚರಿಯಲ್ಲಿ. ಅಲ್ಲಿ ಮಾತ್ರ ಮೇವು ನಾವೇ ಕೊಡಬೇಕು. ಮೊಟ್ಟೆಯೊಡೆದ ಮರಿ ಎರಡು ಮೂರು ವಾರ ನೀರಲ್ಲಿ ಈಜಾಡಿ, ಆಮೇಲೆ ಒಂದು ಕಡೆ ಅಂಟಿಕೊಳ್ಳುತ್ತದೆ. ಅದಕ್ಕೆ ಹಿಂಡಿಯೂ ಆಗದು, ತೌಡೂ ಆಗದು. ಐಸೋಕ್ರೈಸಿಸ್, ಕೀಟೋಸೆರಸ್ ಎಂಬ ಜೀವಂತ ಪಾಚಿಯೇ ಬೇಕು. ಅದನ್ನು ಗಾಜಿನ ಶೀಶೆಯಲ್ಲಿ ಬೆಳೆಸಿ, ಹಂತಹಂತವಾಗಿ ತೊಟ್ಟಿಗೆ ತರಬೇಕು. ಕಡಿಮೆಯಾದರೆ ಮರಿ ಸೊರಗುತ್ತದೆ. ಹೆಚ್ಚಾದರೆ ಪಾಚಿ ಕೊಳೆತು ನೀರೇ ಕೆಡುತ್ತದೆ. ಹ್ಯಾಚರಿಯ ಖರ್ಚಿನ ದೊಡ್ಡ ಪಾಲು ಹೋಗುವುದು ಇಲ್ಲಿಗೇ.

ಈ ಖರ್ಚು ಇಳಿಸುವುದಕ್ಕೂ ಉಪಾಯ ಇದೆ. ಅಂಟಿಕೊಂಡ ಮರಿ ಕೆಲವು ಮಿಲಿಮೀಟರ್ ಆದ ಕೂಡಲೇ ಸಣ್ಣ ಕಣ್ಣಿನ ಬಲೆಯ ತಟ್ಟೆಗಳಲ್ಲಿ ಅಳಿವೆಗೆ ಇಳಿಸಿದರೆ, ಹರಿಯುವ ನೀರೇ ಊಟ ತಂದುಕೊಡುತ್ತದೆ. ತಟ್ಟೆಯ ಕೆಸರು ತೊಳೆಯಬೇಕು, ಏಡಿಯಿಂದ ಕಾಯಬೇಕು, ಮರಿ ಒತ್ತಾದರೆ ಬೇರೆ ಮಾಡಬೇಕು. ಇದೇ ನರ್ಸರಿ. ಮನೆಮಂದಿ ಸೇರಿ ಮಾಡಬಹುದಾದ ಕೆಲಸ.

ನಾವು ಸತ್ಯಮಂಗಲದಲ್ಲಿ ಇರುವವರು, ಇಲ್ಲಿ ಕೆರೆ ಇದೆಯೇ ಹೊರತು ಸಮುದ್ರ ಇಲ್ಲ. ಆದರೂ ನಮ್ಮವರ ಮನೆಗಳು ಇರುವುದು ಕರಾವಳಿಯ ಹೊಳೆಬದಿಯಲ್ಲೇ. 2020ರಲ್ಲಿ ಬಂದ ಮತ್ಸ್ಯ ಸಂಪದ ಯೋಜನೆಯಲ್ಲಿ ಚಿಪ್ಪುಮೀನು ಸಾಕಣೆಗೂ ನೆರವಿದೆ. 1969ರಲ್ಲಿ ಶುರುವಾದ ಮೀನುಗಾರಿಕಾ ಕಾಲೇಜು ಮಂಗಳೂರಲ್ಲೇ ಇದೆ, ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ಹಗ್ಗಕ್ಕೆ, ಬಿದಿರಿಗೆ ಸಬ್ಸಿಡಿ ಕೇಳುವ ನಮ್ಮ ಹುಡುಗರು, ಮುಖಂಡರು ಮೊದಲು ಹ್ಯಾಚರಿ ಮರಿಯನ್ನೂ ನರ್ಸರಿ ತರಬೇತಿಯನ್ನೂ ಕೇಳಲಿ. ಮರಿಗೆ ಊಟ ಹಾಕಲು ಕಲಿಯದವರು ಬಂಡೆ ಬರಿದು ಮಾಡಿಯೇ ಬೆಳೆ ತೆಗೆಯಬೇಕಾಗ್ತದೆ. ಅದು ಎಷ್ಟು ವರ್ಷ ನಡೆದೀತು?