ವಿಆರ್ ಕನ್ನಡಕದಲ್ಲಿ ಯಾವ ಹಂಪಿ?

ಕಮಲಾಪುರದ ಮ್ಯೂಸಿಯಂ ಅಂಗಳದಲ್ಲಿ ಹಂಪಿಯ ದೊಡ್ಡ ಮಾದರಿ ಇದೆ. ಬೆಟ್ಟ, ಹೊಳೆ, ಗುಡಿ ಒಂದೇ ನೋಟಕ್ಕೆ ಸಿಗುತ್ತವೆ. ಇಂಥ ಕಡೆ ವಿಆರ್ ಕನ್ನಡಕ ಇಟ್ಟರೆ ಮಕ್ಕಳಿಗೆ ಏನು ತೋರಿಸಬೇಕು? ಕಲ್ಲಿನ ರಥ ಬೇಡ, ಅದು ಹಂಪಿಯಲ್ಲೇ ನಿಂತಿದೆ. ಮಹಾನವಮಿ ದಿಬ್ಬದ ಮೇಲೆ ಈಗ ಬರೀ ಆಕಾಶ. ಅರಮನೆಗಳದ್ದೂ ಕಲ್ಲಿನ ಬುಡ ಮಾತ್ರ ಉಳಿದಿದೆ. ಮೇಲಿದ್ದ ಮರದ ಕಟ್ಟಡಗಳನ್ನು ತೋರಿಸಲಿ.

ಆದರೆ ಚಾವಣಿ ಹೇಗಿತ್ತು, ಬಣ್ಣ ಯಾವುದು ಅನ್ನೋದು ಬಹುಪಾಲು ಊಹೆ. ಸಿನಿಮಾ ಸೆಟ್ಟಿನ ಹಾಗೆ ಚಿನ್ನ ಬಳಿದು ತೋರಿಸಿದರೆ ನಮ್ಮ ಮಕ್ಕಳು ಅದನ್ನೇ ಇತಿಹಾಸ ಅಂದುಕೊಳ್ಳುತ್ತಾರೆ. ಪಾಠ ಮರೆಯಬಹುದು, ಕಣ್ಣಾರೆ ಕಂಡದ್ದು ಮರೆಯಲ್ಲ. ಉಳಿದಿರುವ ಕಲ್ಲಿಗೆ ಒಂದು ಬಣ್ಣ, ಊಹೆಯ ಮರಕ್ಕೆ ಇನ್ನೊಂದು ಬಣ್ಣ ಕೊಡಲಿ. ವಿವರಣೆ ಕನ್ನಡದಲ್ಲಿರಲಿ.

ಪ್ರವಾಸ ಕರೆತರುವ ಮೇಷ್ಟ್ರೇ, ಕನ್ನಡಕ ಹಾಕಿಸುವ ಮೊದಲು ಮಕ್ಕಳನ್ನು ಒಮ್ಮೆ ದಿಬ್ಬ ಹತ್ತಿಸಿ.