ಆಳುಗಳನ್ನು ಎಣಿಸುವ ಕಾನೂನಿಗೆ ರಂಧಾ ಮಷೀನು ಕಾಣುವುದಿಲ್ಲ

ಸಿಕಂದರಾಬಾದಿನ ಭೋಯಿಗುಡದಲ್ಲಿ ಟಿಂಬರ್ ಡಿಪೋಗಳು ಒತ್ತೊತ್ತಾಗಿವೆ. 2022ರ ಮಾರ್ಚ್ 23ರ ನಸುಕಿನಲ್ಲಿ ಅಲ್ಲಿಯ ಗುಜರಿ ಗೋದಾಮೊಂದಕ್ಕೆ ಬೆಂಕಿ ಬಿದ್ದು, ಮಹಡಿಯಲ್ಲಿ ಮಲಗಿದ್ದ ಬಿಹಾರದ 11 ಕಾರ್ಮಿಕರು ಸತ್ತರು. ಪ್ರಧಾನಿ, ಮುಖ್ಯಮಂತ್ರಿ ಇಬ್ಬರೂ ಪರಿಹಾರ ಘೋಷಿಸಿದರು. ಒಂದೇ ಏಟಿಗೆ ಹನ್ನೊಂದು ಜೀವ ಹೋದಾಗ ಸಣ್ಣ ಕೆಲಸದ ಜಾಗಗಳ ಕಡೆ ಎಲ್ಲರ ಕಣ್ಣು ಹೊರಳುತ್ತದೆ. ಬಡಗಿಯೊಬ್ಬನ ಎರಡು ಬೆರಳು ಹೋದರೆ ಪತ್ರಿಕೆಯಲ್ಲಿ ಒಂದು ಸಾಲು ಬರುವುದೂ ಅಪರೂಪ.

ಬೆರಳು ತೆಗೆಯುವ ಯಂತ್ರಗಳಲ್ಲಿ, ಹಲಗೆಯನ್ನು ಹೆರೆದು ನಯ ಮಾಡುವ ರಂಧಾ ಮಷೀನು ಮುಂಚೂಣಿಯದು. ಹೈದರಾಬಾದಿನ ಸಣ್ಣ ವರ್ಕ್‌ಶಾಪುಗಳಲ್ಲಿ ಸಾಮಾನ್ಯವಾಗಿ ಜೋಡಿ ಯಂತ್ರ ಇರುತ್ತದೆ: ಮೇಲಿನ ಮೇಜಿನ ಮೇಲೆ ಹಲಗೆಯನ್ನು ಕೈಯಲ್ಲಿ ತಳ್ಳಿ ಹತ್ತರಿ ಹೊಡೆಯಬಹುದು, ಕೆಳಗೆ ರೋಲರುಗಳು ಹಲಗೆಯನ್ನು ತಾವೇ ಎಳೆದುಕೊಂಡು ಒಂದೇ ದಪ್ಪಕ್ಕೆ ತರುತ್ತವೆ. ಎರಡಕ್ಕೂ ಬ್ಲೇಡು ಕಟ್ಟಿದ ಉರುಳೆ ಒಂದೇ. ಮೂರು ಬ್ಲೇಡಿನ ಉರುಳೆ ನಿಮಿಷಕ್ಕೆ 5000 ಸುತ್ತು ತಿರುಗಿದರೆ ಸೆಕೆಂಡಿಗೆ 250 ಏಟು ಬೀಳುತ್ತದೆ. ಕೈ ಹಿಂದೆಳೆದುಕೊಳ್ಳಲು ಬೇಕಾದ ಅರ್ಧ ಸೆಕೆಂಡಿನಲ್ಲಿ ನೂರಿಪ್ಪತ್ತೈದು.

ಕೆಳಗಿನ ಕೆಲಸವೇ ಸುರಕ್ಷಿತ, ಕೈ ಬ್ಲೇಡಿನ ಹತ್ತಿರ ಹೋಗುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ಆ ನಂಬಿಕೆಯೇ ಅಪಾಯ. ಬ್ಲೇಡು ಹಲಗೆಯ ಚಲನೆಗೆ ಎದುರಾಗಿ ತಿರುಗುತ್ತದೆ. ರೋಲರಿನ ಹಿಡಿತ ತಪ್ಪಿದ ಕ್ಷಣ ಹಲಗೆ ಬಂದ ದಾರಿಯಲ್ಲೇ ವಾಪಸು ಹಾರುತ್ತದೆ. ಅಲ್ಲಿ ಕೆಲಸಗಾರನ ಹೊಟ್ಟೆ ಇರುತ್ತದೆ. ಇದನ್ನು ತಡೆಯಲೆಂದೇ ಯಂತ್ರದ ಬಾಯಿಯಲ್ಲಿ ಸಾಲಾಗಿ ಕಬ್ಬಿಣದ ಹಲ್ಲುಗಳು ತೂಗಾಡುತ್ತಿರುತ್ತವೆ. ಹಲಗೆ ಹಿಂದಕ್ಕೆ ಬಂದರೆ ಅವು ಕಚ್ಚಿ ಹಿಡಿಯಬೇಕು. ತೇಗದ ಎಣ್ಣೆ, ಅಂಟು, ಹೊಟ್ಟು ಸೇರಿ ಆ ಹಲ್ಲುಗಳು ಮೇಲೆಯೇ ಅಂಟಿಕೊಂಡಿದ್ದರೆ ಅವು ಇದ್ದೂ ಇಲ್ಲದ ಹಾಗೆ. ಬೆಳಿಗ್ಗೆ ಯಂತ್ರದ ಪ್ಲಗ್ ಕಿತ್ತಿಟ್ಟು, ಒಂದೊಂದು ಹಲ್ಲನ್ನೂ ಕಡ್ಡಿಯಿಂದ ಎತ್ತಿ ಬಿಟ್ಟು ನೋಡಲು ಎರಡು ನಿಮಿಷ ಸಾಕು. ಬ್ಲೇಡಿನ ಬೋಲ್ಟು ಬಿಗಿಯಾಗಿದೆಯೇ ಎಂದು ನೋಡುವುದೂ ಆಗಲೇ ಆಗಬೇಕು.

ಉಳಿದ ಎಚ್ಚರಗಳಿಗೂ ಹೀಗೆಯೇ ಒಂದೊಂದು ಕಾರಣ ಇದೆ. ಎರಡು ರೋಲರುಗಳ ನಡುವಿನ ಅಂತರಕ್ಕಿಂತ ಗಿಡ್ಡದಾದ ತುಂಡನ್ನು ಹಾಕಿದರೆ ಅದು ಯಾವ ರೋಲರಿನ ಹಿಡಿತಕ್ಕೂ ಸಿಗದೆ ಬ್ಲೇಡಿನ ಕೆಳಗೆ ಕುಣಿಯುತ್ತದೆ. ದಪ್ಪ ಬೇರೆ ಬೇರೆ ಇರುವ ಎರಡು ಹಲಗೆ ಜೊತೆಯಾಗಿ ಹೋದರೆ ದಪ್ಪನೆಯದನ್ನು ಮಾತ್ರ ರೋಲರ್ ಅಮುಕಿ ಹಿಡಿಯುತ್ತದೆ, ತೆಳ್ಳನೆಯದು ಬಾಣವಾಗುತ್ತದೆ. ಹಳೆಯ ಮನೆ ಕೆಡವಿದಾಗ ಸಿಗುವ ತೇಗಕ್ಕೆ ಒಳ್ಳೆಯ ಬೇಡಿಕೆಯಿದೆ. ಅದರೊಳಗೆ ಮುರಿದ ಮೊಳೆ ಉಳಿದಿರುತ್ತದೆ, ಅದು ಬ್ಲೇಡನ್ನು ಸಿಡಿಸಬಲ್ಲದು. ಒಂದೇ ಸಲಕ್ಕೆ ನಾಲ್ಕೈದು ಮಿಲಿಮೀಟರ್ ತೆಗೆಯುವ ಅವಸರ ಹಲಗೆಯನ್ನು ಸಿಕ್ಕಿಸುತ್ತದೆ, ಸಿಕ್ಕಿದ್ದನ್ನು ಬಿಡಿಸಲು ಕೈ ಒಳಗೆ ಹೋಗುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಉರುಳೆ ಸುಮಾರು ಹೊತ್ತು ತಿರುಗುತ್ತಲೇ ಇರುತ್ತದೆ. ಜೋಡಿ ಯಂತ್ರದಲ್ಲಿ ಕೆಳಗೆ ಹಲಗೆ ಹೋಗುತ್ತಿರುವಾಗ ಮೇಲಿನ ಬ್ಲೇಡು ತೆರೆದೇ ಇದ್ದರೆ, ಹಲಗೆ ಹಿಡಿದುಕೊಳ್ಳಲು ಬಂದ ಹುಡುಗ ಸುಮ್ಮನೆ ಕೈಯೂರುವ ಜಾಗವೂ ಅದೇ.

ಕೈಗವಸು ಹಾಕಿಕೊಂಡರೆ ಕ್ಷೇಮ ಎಂಬುದು ಇಲ್ಲಿ ತಪ್ಪು. ರೋಲರಿಗೆ ಬಟ್ಟೆಯ ತುದಿ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಕರೆಂಟಿನ ಮಾತನ್ನು ಬೇರೆಯಾಗಿಯೇ ಹೇಳಬೇಕು. ಕರೆಂಟು ಹೋದಾಗ ಹಲಗೆ ಅರ್ಧದಲ್ಲಿ ನಿಲ್ಲುತ್ತದೆ, ಕೆಲಸಗಾರ ಬಾಗಿ ಒಳಗೆ ನೋಡುತ್ತಾನೆ. ಸಾದಾ ಸ್ವಿಚ್ ಇದ್ದರೆ ಕರೆಂಟು ಬಂದೊಡನೆ ಮೋಟರು ತಾನಾಗಿ ಹೊರಡುತ್ತದೆ. ಗುಂಡಿ ಒತ್ತುವ ತನಕ ಹೊರಡದ ಸ್ಟಾರ್ಟರು ರೈತರ ಪಂಪ್‌ಸೆಟ್ಟಿನಲ್ಲೂ ಇದೆ, ಬೆಲೆ ಯಂತ್ರದ ಬೆಲೆಯ ಸಣ್ಣ ಪಾಲು. ಅದಿಲ್ಲದ ರಂಧಾ ಮಷೀನನ್ನು ಮಾರಲು ಬಿಡುವುದೇ ತಪ್ಪು.

ಗಾಯ ಕಣ್ಣಿಗೆ ಕಾಣುತ್ತದೆ, ಹೊಟ್ಟು ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮೂಗು ಮತ್ತು ಅದರ ಸುತ್ತಲಿನ ಕುಹರಗಳ ಕ್ಯಾನ್ಸರಿಗೆ ಅದರ ನಂಟು ಗಟ್ಟಿಯಾಗಿದೆ. ಮುಖಕ್ಕೆ ಕಟ್ಟಿದ ಕರ್ಚೀಫು ಆ ಧೂಳನ್ನು ತಡೆಯದು.

ಈ ತಿಳಿವಳಿಕೆ ಯಾವುದೂ ಹೊಸದಲ್ಲ. ಕೈಯಲ್ಲಿ ತಳ್ಳುವ ರಂಧಾ ಯಂತ್ರಕ್ಕೆ ಚೌಕದ ಉರುಳೆ ಕೂಡದು, ಗುಂಡನೆಯದೇ ಇರಬೇಕು ಎಂದು ಬ್ರಿಟನ್ 1922ರಲ್ಲೇ ನಿಯಮ ಮಾಡಿತು. ಚೌಕದ ಉರುಳೆಯ ಸಂದಿಗೆ ಇಡೀ ಕೈ ಹೋಗುತ್ತಿತ್ತು. ನಮ್ಮ ರಾಜ್ಯಗಳ ಕಾರ್ಖಾನೆ ನಿಯಮಗಳಿಗೂ ಅದು ಬಂದಿದೆ, ಬ್ಲೇಡಿನ ಮೇಲೆ ಸೇತುವೆಯಂಥ ಮುಚ್ಚಳ ಇರಬೇಕೆಂಬುದೂ ಬಂದಿದೆ. ಆದರೆ ನಿಯಮ ತಲುಪುವುದು ಕಾರ್ಖಾನೆಯನ್ನು ಮಾತ್ರ. 1948ರ ಕಾರ್ಖಾನೆ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10 ಜನ ಇದ್ದರೆ ಅದು ಕಾರ್ಖಾನೆಯಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ಮಾಲೀಕ, ಇಬ್ಬರು ಬಡಗಿಗಳು, ಒಬ್ಬ ಹುಡುಗ ಇರುವ ಅಂಗಡಿ ಎರಡರಿಂದಲೂ ಹೊರಗೆ. ಬ್ಲೇಡಿಗೆ ಈ ಲೆಕ್ಕ ತಿಳಿಯದು.

ಅದೇ ಸಂಹಿತೆಯಲ್ಲಿ ಒಂದು ಬಾಗಿಲು ತೆರೆದಿದೆ. ಕೇಂದ್ರ ಸರ್ಕಾರ ಅಪಾಯಕಾರಿ ಎಂದು ಅಧಿಸೂಚಿಸಿದ ಕೆಲಸಕ್ಕೆ ಆಳುಗಳ ಸಂಖ್ಯೆಯ ಮಿತಿ ಅನ್ವಯಿಸುವುದಿಲ್ಲ. ವಿದ್ಯುತ್ ಚಾಲಿತ ಮರಗೆಲಸವನ್ನು ಆ ಪಟ್ಟಿಗೆ ಸೇರಿಸಬೇಕು. ಇನ್ಸ್‌ಪೆಕ್ಟರ್ ಕಾಟ ಹೆಚ್ಚುತ್ತದೆ ಎಂಬ ಸಣ್ಣ ಮಾಲೀಕರ ಅಳುಕು ಸುಳ್ಳಲ್ಲ. ಹಾಗಾಗಿ ದಂಡಕ್ಕಿಂತ ಮೊದಲು ದುಡ್ಡು ಬರಬೇಕು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಇದೆ. ಸಲಕರಣೆಗೆ 15,000 ರೂಪಾಯಿ, ಎರಡು ಕಂತಿನಲ್ಲಿ ಒಟ್ಟು 3 ಲಕ್ಷದವರೆಗೆ ಶೇ 5ರ ಬಡ್ಡಿಯ ಸಾಲ ಸಿಗುತ್ತದೆ. ಆ ಸಾಲದಲ್ಲಿ ಯಂತ್ರ ಕೊಳ್ಳುವವನಿಗೆ ಮುಚ್ಚಳ, ಸ್ಟಾರ್ಟರ್, ಹೊಟ್ಟು ಎಳೆಯುವ ಯಂತ್ರಗಳ ಖರ್ಚನ್ನು ಸಹಾಯಧನವಾಗಿ ಕೊಟ್ಟರೆ ಯಾರೂ ಬೇಡವೆನ್ನರು.

ಬೆರಳಿನ ಬೆಲೆಯನ್ನಂತೂ ಸರ್ಕಾರ ಎಂದೋ ಬರೆದಿಟ್ಟಿದೆ. 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ 30 ನಷ್ಟ, ಇಡೀ ತೋರುಬೆರಳಿಗೆ ಶೇ 14, ನಡುಬೆರಳಿಗೆ 12, ಕಿರುಬೆರಳಿಗೆ 7 ಎಂದಿತ್ತು. ಉಳಿ ಹಿಡಿದು ಗೆರೆ ತಪ್ಪದಂತೆ ಕೊರೆಯಬೇಕಾದ ಬಡಗಿಗೆ ತೋರುಬೆರಳಿಲ್ಲದೆ ಶೇ 86ರಷ್ಟು ಕಸುಬು ಉಳಿಯುತ್ತದೆ ಎಂಬುದನ್ನು ಯಾವ ಬಡಗಿಯೂ ಒಪ್ಪಲಾರ. ಹಾಜರಿ ಪುಸ್ತಕವೇ ಇಲ್ಲದ ಅಂಗಡಿಯಲ್ಲಿ ಆ ಪರಿಹಾರವನ್ನು ಕೇಳಲು ಪುರಾವೆಯೂ ಇರುವುದಿಲ್ಲ.

ಬೀದರ್, ಕಲಬುರಗಿ, ಯಾದಗಿರಿಯ ಹುಡುಗರು ಕೆಲಸ ಹುಡುಕಿಕೊಂಡು ಹೈದರಾಬಾದಿನ ಬಸ್ಸು ಹತ್ತುವುದು ಹಳೆಯ ರೂಢಿ. ಇದು ಪಕ್ಕದ ರಾಜ್ಯದ ತಲೆನೋವು ಎಂದು ಕರ್ನಾಟಕ ಕೈತೊಳೆದುಕೊಳ್ಳುವಂತಿಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಆಧುನಿಕ ಮರಗೆಲಸದ ತರಬೇತಿ ಕೇಂದ್ರವೇ ಇದೆ. ಅಲ್ಲಿಯ ಪರಿಣತರು ರಂಧಾ ಮಷೀನಿಗೆ ಮೀಸಲಾದ ಎರಡು ದಿನಗಳ ಪಾಠವನ್ನು ಕನ್ನಡದಲ್ಲೂ ತೆಲುಗಿನಲ್ಲೂ ರೂಪಿಸಿ, ಬೀದರ್ ಮತ್ತು ಕಲಬುರಗಿಯ ಐಟಿಐಗಳಲ್ಲಿ ಕಲಿಸಲಿ. ವಿಶ್ವಕರ್ಮ ಸಾಲದ ಅರ್ಜಿಯ ಜೊತೆ ಆ ಪ್ರಮಾಣಪತ್ರ ಇರಲೇಬೇಕೆಂದು ಬ್ಯಾಂಕುಗಳು ಕೇಳಲಿ.