ಹೆಸರಿಲ್ಲದ ವಾದ್ಯಗಾರನಿಗೆ ಹಕ್ಕೂ ಇಲ್ಲವೇ?

ಧ್ವನಿಮುದ್ರಿತ ಹಾಡಿನ ಗಳಿಕೆಯಲ್ಲಿ ಗಾಯಕನಿಗೆ ಪಾಲು ಬೇಕೇ ಎಂಬ ಜಗಳ ನಮ್ಮಲ್ಲಿ ಹೊಸದಲ್ಲ. 1960ರ ದಶಕದಲ್ಲಿ ಲತಾ ಮಂಗೇಶ್ಕರ್ ಪಾಲು ಬೇಕೆಂದರು. ಸಂಭಾವನೆ ಪಡೆದ ಮೇಲೆ ಗಾಯಕನ ಲೆಕ್ಕ ಮುಗಿಯಿತು ಎಂದರು ಮುಹಮ್ಮದ್ ರಫಿ. ಇದೇ ಕಾರಣಕ್ಕೆ ಇಬ್ಬರೂ ಕೆಲವು ವರ್ಷ ಒಟ್ಟಿಗೆ ಹಾಡಲಿಲ್ಲ. 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೆ ಕನ್ನಡದಲ್ಲೂ ಹಾಡಿದ ರಫಿ ಸಾಹೇಬರ ದೊಡ್ಡ ಮನಸ್ಸಿನ ಬಗ್ಗೆ ಯಾರಿಗೂ ಅನುಮಾನವಿಲ್ಲ. ಆದರೆ ಕೈತುಂಬ ಕೆಲಸವಿದ್ದವರ ಔದಾರ್ಯವನ್ನು ದಿನಗೂಲಿಯ ಢೋಲಕ್‌ವಾದಕನ ಮೇಲೂ ನಿಯಮವಾಗಿ ಹೇರುವುದು ಯಾವ ನ್ಯಾಯ?

ಕಾನೂನಂತೂ ಬಹುಕಾಲ ಮಾಲೀಕರ ಪರವಾಗಿಯೇ ಇತ್ತು. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಹಾಡುವವರಿಗೂ ನುಡಿಸುವವರಿಗೂ ಜಾಗವಿರಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತಮ್ಮ ತೀರ್ಪಿನಲ್ಲಿ ಈ ಕೊರತೆಯನ್ನು ಎತ್ತಿ ತೋರಿಸಿದರು. 1994ರ ತಿದ್ದುಪಡಿ ಕಲಾವಿದರಿಗೆ ಹಕ್ಕು ಕೊಟ್ಟಿತಾದರೂ, ಸಿನಿಮಾದಲ್ಲಿ ಬಳಸಲು ಒಮ್ಮೆ ಒಪ್ಪಿದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ವಾಣಿಜ್ಯ ಬಳಕೆಗೆ ರಾಯಲ್ಟಿ ಸಲ್ಲಬೇಕೆಂದು ಕಾಯ್ದೆ ಸ್ಪಷ್ಟವಾಗಿ ಹೇಳಿದ್ದು 2012ರಲ್ಲಿ.

ಆದರೆ ಅದೇ ತಿದ್ದುಪಡಿ ಒಂದು ಕಿಂಡಿಯನ್ನೂ ಬಿಟ್ಟಿತು. ಸಿನಿಮಾದಲ್ಲಿ ಯಾರ ಪಾತ್ರ ಪ್ರಾಸಂಗಿಕವೋ, ಉದ್ಯಮದ ರೂಢಿಯಂತೆ ಯಾರ ಹೆಸರು ಎಲ್ಲೂ ನಮೂದಾಗುವುದಿಲ್ಲವೋ, ಅವರು ರಾಯಲ್ಟಿಯ ಮಟ್ಟಿಗೆ ಕಲಾವಿದರೇ ಅಲ್ಲ! ಹೆಸರು ಹಾಕುವ ಅಧಿಕಾರ ಯಾರ ಕೈಯಲ್ಲಿದೆ? ಹಣ ಕೊಡಬೇಕಾದವರ ಕೈಯಲ್ಲೇ. ಹೀಗಿರುವಾಗ ಪಕ್ಕವಾದ್ಯದವನ ಹೆಸರನ್ನು ಬರೆದಿಡುವ ಆಸಕ್ತಿ ಅವರಿಗೆ ಏಕಿರಬೇಕು?

ಹೋಟೆಲು, ಎಫ್‌ಎಂ ಕೇಂದ್ರಗಳ ಬಾಗಿಲು ತಟ್ಟಿ ತನ್ನ ಪಾಲನ್ನು ವಸೂಲು ಮಾಡುವುದು ಒಂಟಿ ಕಲಾವಿದನಿಂದ ಆಗುವ ಕೆಲಸವಲ್ಲ. ಅದಕ್ಕೆ ಸಂಘ ಬೇಕು. ಧ್ವನಿಮುದ್ರಣ ಕಂಪೆನಿಗಳು ಇದನ್ನು ಬೇಗ ಅರಿತವು. ಅವುಗಳ ಪಿಪಿಎಲ್ ಹುಟ್ಟಿದ್ದು 1941ರಲ್ಲಿ. ಗಾಯಕರ ಸಂಘ 'ಇಸ್ರಾ' ನೋಂದಣಿಯಾದದ್ದು 2013ರಲ್ಲಿ. ಏಳು ದಶಕಗಳ ಅಂತರ! ಈಗ ಅದು ವಾದ್ಯಗಾರರನ್ನೂ ಹೆಸರಿನಲ್ಲಿ ಸೇರಿಸಿಕೊಂಡು 'ಇಸಾಮ್ರಾ' ಆಗಿದೆ. ಒಳ್ಳೆಯದೇ. ಆದರೆ ಪಾಲೆಷ್ಟು? ಅಮೆರಿಕದ ಕಾನೂನು ಉಪಗ್ರಹ ಮತ್ತು ಇಂಟರ್ನೆಟ್ ರೇಡಿಯೋದ ಶಾಸನಬದ್ಧ ರಾಯಲ್ಟಿಯಲ್ಲಿ ಶೇ. 50ನ್ನು ಧ್ವನಿಮುದ್ರಣದ ಒಡೆಯರಿಗೆ, ಶೇ. 45ನ್ನು ಮುಖ್ಯ ಕಲಾವಿದರಿಗೆ, ಶೇ. 5ನ್ನು ಹಿನ್ನೆಲೆಯ ವಾದಕರಿಗೂ ಗಾಯಕರಿಗೂ ಮೀಸಲಿಟ್ಟಿದೆ. ಶೇ. 5 ಹೆಚ್ಚೇನಲ್ಲ. ಆದರೂ ಅದು ಹಕ್ಕು, ಭಿಕ್ಷೆಯಲ್ಲ. ನಮ್ಮ ಕಾಯ್ದೆಯಲ್ಲಿ ಅಂಥ ಪ್ರಮಾಣವೇ ನಿಗದಿಯಾಗಿಲ್ಲ.

ಸಂಗೀತ ಸಮ್ಮತವೋ ಅಲ್ಲವೋ ಎಂಬ ಚರ್ಚೆ ನಮ್ಮ ಸಮುದಾಯದಲ್ಲಿ ಹಳೆಯದು, ಅದು ಮುಂದುವರಿಯಲಿ. ಆದರೆ ಬೆವರು ಆರುವ ಮುನ್ನ ಕೂಲಿ ಕೊಡಿ ಎಂದು ಪ್ರವಾದಿ(ಸ)ಯವರು ಕಲಿಸಿದ್ದರ ಬಗ್ಗೆ ಯಾವ ಚರ್ಚೆಯೂ ಇಲ್ಲ. ಶಹನಾಯಿ, ಸಾರಂಗಿ, ತಬಲಾಗಳನ್ನು ತಲೆಮಾರುಗಳಿಂದ ಕಾಪಾಡಿದ ಎಷ್ಟೋ ಮುಸ್ಲಿಂ ಮನೆತನಗಳಿವೆ. ಅವರ ಕಲೆಯನ್ನು 'ಗಂಗಾ-ಜಮುನಿ ಸಂಸ್ಕೃತಿ' ಎಂದು ವೇದಿಕೆಯಲ್ಲಿ ಹೊಗಳುವವರು ಅವರ ಪಾಲಿನ ಪ್ರಶ್ನೆ ಬಂದಾಗ ಮೌನವಾಗುವುದೇಕೆ?

ಪ್ರತಿ ಧ್ವನಿಮುದ್ರಣದಲ್ಲಿ ಹಾಡಿದವರ, ನುಡಿಸಿದವರ ಹೆಸರು ದಾಖಲಾಗುವುದು ಕಡ್ಡಾಯವಾಗಬೇಕು. ಹಿನ್ನೆಲೆಯವರ ಪಾಲು ಕಾಯ್ದೆಯಲ್ಲೇ ನಿಗದಿಯಾಗಬೇಕು. ಸಂಘ ಎಷ್ಟು ವಸೂಲು ಮಾಡಿತು, ಯಾರಿಗೆ ಎಷ್ಟು ಹಂಚಿತು ಎಂಬ ಲೆಕ್ಕ ಸಣ್ಣ ಊರಿನ ವಾದ್ಯಗಾರನಿಗೂ ಅವನ ಭಾಷೆಯಲ್ಲೇ ಸಿಗಬೇಕು. ಇದನ್ನು ಕೇಳಲು ಕಲಾವಿದರು ಸಂಘದೊಳಗೆ ಬರಲಿ. ಹಾಡು ಕೇಳಿ ಸುಖಿಸುವ ನಾವು ಅವರ ಜೊತೆ ನಿಲ್ಲೋಣ.